ಅಲರ್ಜಿ ಸಿರಪ್ ಮತ್ತು ಮಗುವಿನ ದೇಹ: ವಯಸ್ಸು, ತೂಕ ನೋಡಿ ಔಷಧಿ ಕೊಡುವ ಕ್ರಮ

ಏಳು ವರ್ಷದ ಮಗನಿಗೆ ಕಳೆದ ತಿಂಗಳು ಮಕ್ಕಳ ತಜ್ಞರು ಬರೆದುಕೊಟ್ಟ ಅಲರ್ಜಿಯ ಸಿರಪ್ ಕಪಾಟಿನಲ್ಲಿ ಅರ್ಧ ಉಳಿದಿರುತ್ತದೆ. ಈಗ ಒಂದೂವರೆ ವರ್ಷದ ಮಗಳಿಗೆ ಮೂಗು ಸೋರುತ್ತಿದೆ, ಮೈಮೇಲೆ ಅಲ್ಲಲ್ಲಿ ಗಂಧೆ ಎದ್ದಿದೆ. ಅಣ್ಣನಿಗೆ ಒಂದು ಚಮಚವಾದರೆ ತಂಗಿಗೆ ಅರ್ಧ ಚಮಚ ಸಾಕು ಎಂಬ ಲೆಕ್ಕ ಆ ಹೊತ್ತಿನಲ್ಲಿ ಯಾರ ಮನಸ್ಸಿಗಾದರೂ ಬರುತ್ತದೆ. ಆದರೆ ಬಾಟಲಿಯಲ್ಲಿರುವ ಔಷಧಿ ಯಾವುದು, ಒಂದು ಚಮಚದಲ್ಲಿ ಅದು ಎಷ್ಟಿದೆ, ಆ ಎಳೆಯ ದೇಹ ಅದನ್ನು ಎಷ್ಟು ಹೊತ್ತಿನಲ್ಲಿ ಹೊರಹಾಕುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳದೆಯೇ ಆ ಲೆಕ್ಕ ಮುಗಿದುಹೋಗಿರುತ್ತದೆ. ಈ ಮೂರು ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ಹುಡುಕಿಕೊಳ್ಳುವುದು ಹೇಗೆ, ಯಾವ ಹಂತದಲ್ಲಿ ಉತ್ತರವನ್ನು ವೈದ್ಯರಿಗೇ ಬಿಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇಲ್ಲಿ ಕೊಟ್ಟಿರುವ ಅಂಕಿಗಳು ವೈದ್ಯರ ಚೀಟಿಯನ್ನು ಅರ್ಥಮಾಡಿಕೊಂಡು ಓದುವುದಕ್ಕಾಗಿಯೇ ಹೊರತು ಚೀಟಿಯಿಲ್ಲದೆ ಔಷಧಿ ಕೊಡುವುದಕ್ಕಾಗಿ ಅಲ್ಲ.

ಔಷಧಿಯ ಕೆಲಸವೇನು

ಧೂಳು, ಹೂವಿನ ಪರಾಗ, ಕೀಟದ ಕಡಿತ, ಕೆಲವು ಆಹಾರಗಳು ಅಲರ್ಜಿಯಿರುವ ಮಗುವಿಗೆ ತಾಗಿದಾಗ ದೇಹದ ಕೆಲವು ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಅದು ನರತುದಿಗಳ ಮತ್ತು ರಕ್ತನಾಳಗಳ ಮೇಲಿರುವ ಎಚ್-1 ಗ್ರಾಹಕಗಳಿಗೆ, ಅಂದರೆ ಹಿಸ್ಟಮಿನ್ ಬಂದು ಕೂರುವ ತಾಣಗಳಿಗೆ, ಅಂಟಿಕೊಂಡಾಗ ತುರಿಕೆ, ಸೀನು, ಮೂಗು ಸೋರುವಿಕೆ, ಗಂಧೆಗಳು ಕಾಣಿಸಿಕೊಳ್ಳುತ್ತವೆ. ಆಂಟಿಹಿಸ್ಟಮಿನ್ ಔಷಧಿಗಳು ಈ ಗ್ರಾಹಕಗಳನ್ನು ತಾವೇ ಹಿಡಿದುಕೊಂಡು ಹಿಸ್ಟಮಿನ್ನಿಗೆ ಜಾಗ ಸಿಗದಂತೆ ಮಾಡುತ್ತವೆ. ವೈರಸ್ಸಿನಿಂದ ಬಂದ ನೆಗಡಿಯಲ್ಲಿ ಹಿಸ್ಟಮಿನ್ನಿನ ಪಾತ್ರ ಅಷ್ಟು ದೊಡ್ಡದಲ್ಲ. ಆದ್ದರಿಂದ ಸಾಮಾನ್ಯ ಶೀತಕ್ಕೆ ಈ ಔಷಧಿಯಿಂದ ಚಿಕ್ಕ ಮಕ್ಕಳಿಗೆ ಆಗುವ ಪ್ರಯೋಜನ ತೀರಾ ಕಡಿಮೆ. ಮಗಳ ಮೂಗು ಸೋರುತ್ತಿರುವುದು ಅಲರ್ಜಿಯಿಂದಲೋ ನೆಗಡಿಯಿಂದಲೋ ಎಂಬುದು ಗೊತ್ತಾಗದಿದ್ದರೆ ಪ್ರಮಾಣದ ಪ್ರಶ್ನೆ ಆಮೇಲಿನದು. ಔಷಧಿ ಬೇಕೇ ಎಂಬುದೇ ಮೊದಲು ತೀರ್ಮಾನವಾಗಬೇಕು.

ಈ ಔಷಧಿಗಳಲ್ಲಿ ಎರಡು ತಲೆಮಾರುಗಳಿವೆ. ಕ್ಲೋರ್‌ಫೆನಿರಮಿನ್, ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಪ್ರೋಮೆಥಜಿನ್, ಹೈಡ್ರಾಕ್ಸಿಜಿನ್ ಹಳೆಯವು. ಸೆಟಿರಿಜಿನ್, ಲಿವೊಸೆಟಿರಿಜಿನ್, ಲೊರಾಟಡಿನ್, ಡೆಸ್ಲೊರಾಟಡಿನ್, ಫೆಕ್ಸೊಫೆನಡಿನ್ ಹೊಸವು. ಇವುಗಳಲ್ಲಿ ನಮ್ಮ ಮನೆಗಳಲ್ಲಿ ಬಹಳ ಬಳಕೆಯಲ್ಲಿರುವುದೂ ಮಕ್ಕಳಲ್ಲಿ ಚೆನ್ನಾಗಿ ಅಧ್ಯಯನಕ್ಕೆ ಒಳಗಾಗಿರುವುದೂ ಸೆಟಿರಿಜಿನ್ ಆದ್ದರಿಂದ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹುಟ್ಟಿನಿಂದ ಹದಿಹರೆಯದವರೆಗೆ ದೇಹ ಔಷಧಿಯನ್ನು ಹೇಗೆ ನಿಭಾಯಿಸುತ್ತದೆ

ನುಂಗಿದ ಔಷಧಿ ಹೊಟ್ಟೆ, ಕರುಳುಗಳ ಮೂಲಕ ರಕ್ತಕ್ಕೆ ಸೇರುತ್ತದೆ, ಮೈಯಲ್ಲೆಲ್ಲ ಹರಡುತ್ತದೆ, ಯಕೃತ್ತಿನಲ್ಲಿ ರೂಪ ಬದಲಿಸುತ್ತದೆ ಅಥವಾ ಇದ್ದ ಹಾಗೆಯೇ ಮೂತ್ರಪಿಂಡಗಳ ಮೂಲಕ ಹೊರಬೀಳುತ್ತದೆ. ಈ ನಾಲ್ಕೂ ಹಂತಗಳು ಮಗುವಿನಲ್ಲಿ ಒಂದೇ ವೇಗದಲ್ಲಿ ಬಲಿಯುವುದಿಲ್ಲ.

ನವಜಾತ ಶಿಶುವಿನ ಮೂತ್ರಪಿಂಡಗಳ ಸೋಸುವ ಶಕ್ತಿ, ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದರೂ, ಮೊದಲ ದಿನಗಳಲ್ಲಿ ವಯಸ್ಕರ ಶಕ್ತಿಯ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ಎರಡು ವಾರಗಳಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಒಂದರಿಂದ ಎರಡು ವರ್ಷದ ನಡುವೆ ವಯಸ್ಕರ ಮಟ್ಟವನ್ನು ಮುಟ್ಟುತ್ತದೆ. ಯಕೃತ್ತಿನ ಕಥೆ ಇನ್ನೂ ಸಂಕೀರ್ಣವಾದದ್ದು. ಅಲ್ಲಿ ಔಷಧಿಗಳನ್ನು ಒಡೆಯುವ ಕಿಣ್ವಗಳು ಹಲವಾರಿವೆ. ಗರ್ಭದಲ್ಲಿದ್ದಾಗ ಕೆಲಸ ಮಾಡುತ್ತಿದ್ದ ಕೆಲವು ಕಿಣ್ವಗಳು ಹುಟ್ಟಿದ ಮೇಲೆ ಹಿಂದೆ ಸರಿಯುತ್ತವೆ, ಬದುಕಿನುದ್ದಕ್ಕೂ ದುಡಿಯಬೇಕಾದ ಕಿಣ್ವಗಳು ವಾರಗಳಿಂದ ತಿಂಗಳುಗಳವರೆಗೆ ಸಮಯ ತೆಗೆದುಕೊಂಡು ನಿಧಾನವಾಗಿ ಮೇಲೇಳುತ್ತವೆ. ಹಸುಗೂಸಿನ ರಕ್ತದಲ್ಲಿ ಔಷಧಿಯನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನುಗಳೂ ಕಡಿಮೆ ಇರುವುದರಿಂದ ಬಿಡಿಯಾಗಿ ಓಡಾಡುವ ಔಷಧಿಯ ಪಾಲು ಹೆಚ್ಚಿರುತ್ತದೆ. ಮಿದುಳಿಗೆ ರಕ್ಷಣೆ ಕೊಡುವ ತಡೆಯೂ ಆಗ ಪೂರ್ತಿ ಬಲಿತಿರುವುದಿಲ್ಲ. ಹೀಗಾಗಿ ಮೊದಲ ತಿಂಗಳುಗಳಲ್ಲಿ ಸಣ್ಣ ಪ್ರಮಾಣವೂ ಬಹಳ ಹೊತ್ತು ಉಳಿದು ಮಗುವನ್ನು ಮಂಪರಿಗೆ ತಳ್ಳಬಹುದು. ಆರು ತಿಂಗಳೊಳಗಿನ ಮಗುವಿಗೆ ಮನೆಯವರ ತೀರ್ಮಾನದ ಮೇಲೆ ಯಾವ ಆಂಟಿಹಿಸ್ಟಮಿನ್ನನ್ನೂ ಕೊಡಬಾರದು ಎಂದು ಹೇಳುವುದು ಈ ಕಾರಣಕ್ಕೆ.

ಇಲ್ಲಿಂದ ಮುಂದೆ ಬಹಳ ಜನ ಊಹಿಸದ ತಿರುವೊಂದಿದೆ. ಅಂಗಗಳು ಬಲಿತ ಮೇಲೆ, ಅಂದರೆ ಸುಮಾರು ಒಂದು ವರ್ಷದಿಂದ ಐದಾರು ವರ್ಷದವರೆಗೆ, ಮಗುವಿನ ದೇಹ ಪ್ರತಿ ಕಿಲೋ ತೂಕಕ್ಕೆ ಲೆಕ್ಕ ಹಾಕಿದರೆ ದೊಡ್ಡವರ ದೇಹಕ್ಕಿಂತ ಬೇಗ ಔಷಧಿಯನ್ನು ಹೊರಹಾಕುತ್ತದೆ. ವಯಸ್ಕರ ದೇಹತೂಕದಲ್ಲಿ ಯಕೃತ್ತಿನ ಪಾಲು ಸುಮಾರು ಶೇ 2ರಷ್ಟಿದ್ದರೆ ಎಳೆಯ ಮಕ್ಕಳಲ್ಲಿ ಆ ಪಾಲು ಅದಕ್ಕಿಂತ ಸ್ಪಷ್ಟವಾಗಿ ದೊಡ್ಡದು, ಅದರ ಮೂಲಕ ಹರಿಯುವ ರಕ್ತವೂ ತೂಕಕ್ಕೆ ಹೋಲಿಸಿದರೆ ಹೆಚ್ಚು. ಆದ್ದರಿಂದ ಹಸುಗೂಸಿನಲ್ಲಿ ನಿಧಾನ, ಪುಟ್ಟ ಮಗುವಿನಲ್ಲಿ ವೇಗ, ಹದಿಹರೆಯ ಹತ್ತಿರವಾದಂತೆ ಮತ್ತೆ ವಯಸ್ಕರ ನಿಧಾನಗತಿ ಎಂಬ ಏರಿಳಿತ ಕಾಣುತ್ತದೆ. ಮಗು ಚಿಕ್ಕದಾದಷ್ಟೂ ಔಷಧಿಯನ್ನು ಅದೇ ಅನುಪಾತದಲ್ಲಿ ಕಡಿಮೆ ಮಾಡುತ್ತಾ ಹೋದರೆ ಸಾಕು ಎನ್ನುವವರು ಹಸುಗೂಸಿಗೆ ಅಪಾಯ ತರುತ್ತಾರೆ, ಎರಡು ವರ್ಷದ ಮಗುವಿಗೆ ಸಾಲದಷ್ಟು ಕೊಡುತ್ತಾರೆ. ಎರಡೂ ತಪ್ಪೇ ಆದರೂ ಮೊದಲನೆಯದು ಜೀವಕ್ಕೆ ಸಂಬಂಧಿಸಿದ್ದು.

ಸೆಟಿರಿಜಿನ್‌ನ ಅಂಕಿಗಳು ಹೇಳುವುದೇನು

ರಕ್ತದಲ್ಲಿರುವ ಔಷಧಿಯ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯವನ್ನು ಅರ್ಧಾಯು ಎನ್ನುತ್ತಾರೆ. ಸೆಟಿರಿಜಿನ್‌ನ ಬಹುಪಾಲು ಯಕೃತ್ತಿನಲ್ಲಿ ಬದಲಾಗದೆ ನೇರವಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ಅದರ ಅರ್ಧಾಯು 6 ತಿಂಗಳಿಂದ 2 ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 3.1 ಗಂಟೆ, 2ರಿಂದ 6 ವರ್ಷದವರಲ್ಲಿ ಸುಮಾರು 5 ಗಂಟೆ, 6ರಿಂದ 12 ವರ್ಷದವರಲ್ಲಿ ಸುಮಾರು 6 ಗಂಟೆ, ವಯಸ್ಕರಲ್ಲಿ 8 ಗಂಟೆಗಳ ಆಸುಪಾಸು.

ಈ ಅಂಕಿಗಳನ್ನು ಸ್ವಲ್ಪ ಮುಂದಕ್ಕೆ ಒಯ್ದು ನೋಡಿದರೆ ಅರ್ಥ ತಿಳಿಯಾಗುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಔಷಧಿ ಕೊಟ್ಟರೆ ರಾತ್ರಿ ಎಂಟರ ಹೊತ್ತಿಗೆ ವಯಸ್ಕರ ರಕ್ತದಲ್ಲಿ ಮೊದಲಿನ ಮಟ್ಟದ ಸುಮಾರು ಶೇ 35 ಉಳಿದಿದ್ದರೆ ಒಂದು ವರ್ಷದ ಮಗುವಿನಲ್ಲಿ ಶೇ 7ರಷ್ಟು ಮಾತ್ರ ಉಳಿದಿರುತ್ತದೆ. ಔಷಧಿಯ ಪರಿಣಾಮ ರಕ್ತದ ಮಟ್ಟಕ್ಕಿಂತ ಹೆಚ್ಚು ಹೊತ್ತು ಚರ್ಮದಲ್ಲಿ ನಿಲ್ಲುತ್ತದೆ ಎಂಬುದು ನಿಜ, ಏಕೆಂದರೆ ಗ್ರಾಹಕಕ್ಕೆ ಅಂಟಿಕೊಂಡ ಅಣುಗಳು ತಕ್ಷಣ ಕಳಚಿಕೊಳ್ಳುವುದಿಲ್ಲ. ಹಾಗಿದ್ದರೂ ದೊಡ್ಡವರಿಗೆ ದಿನಕ್ಕೊಂದು ಮಾತ್ರೆ ಬರೆಯುವ ವೈದ್ಯರು ಮಗುವಿಗೆ ಅದೇ ಔಷಧಿಯನ್ನು ಬೆಳಿಗ್ಗೆ ಮತ್ತು ರಾತ್ರಿ ಎರಡು ಬಾರಿ ಕೊಡಲು ಹೇಳುವುದಕ್ಕೆ ಕಾರಣ ಇದೇ. ಎರಡು ಸಲದ ಔಷಧಿಯನ್ನು ಒಟ್ಟುಗೂಡಿಸಿ ರಾತ್ರಿ ಒಂದೇ ಸಲ ಕೊಟ್ಟುಬಿಡೋಣ ಎಂದು ಮನೆಯಲ್ಲಿ ಮಾಡುವ ಬದಲಾವಣೆ ಈ ಕಾರಣವನ್ನೇ ಅಳಿಸಿಹಾಕುತ್ತದೆ. ಒಮ್ಮೆಗೇ ಮಟ್ಟ ಜಾಸ್ತಿಯಾಗಿ ಮಂಪರು ಹೆಚ್ಚುತ್ತದೆ, ಮರುದಿನ ಮಧ್ಯಾಹ್ನದ ಹೊತ್ತಿಗೆ ತುರಿಕೆ ಮರಳಿ ಬರುತ್ತದೆ.

ಯುರೋಪಿನ ಔಷಧಿ ಮಾಹಿತಿ ಪತ್ರಗಳಲ್ಲಿರುವ ಸೆಟಿರಿಜಿನ್ ಪ್ರಮಾಣ ಹೀಗಿದೆ: 2ರಿಂದ 6 ವರ್ಷದೊಳಗಿನವರಿಗೆ 2.5 ಮಿ.ಗ್ರಾಂ ದಿನಕ್ಕೆ ಎರಡು ಬಾರಿ, 6ರಿಂದ 12 ವರ್ಷದವರಿಗೆ 5 ಮಿ.ಗ್ರಾಂ ದಿನಕ್ಕೆ ಎರಡು ಬಾರಿ, 12 ವರ್ಷ ದಾಟಿದವರಿಗೆ 10 ಮಿ.ಗ್ರಾಂ ದಿನಕ್ಕೊಮ್ಮೆ. ಏಳು ವರ್ಷದ ಹುಡುಗನೂ ಅವನ ಅಪ್ಪನೂ ದಿನವೊಂದಕ್ಕೆ ತೆಗೆದುಕೊಳ್ಳುವ ಒಟ್ಟು ಔಷಧಿ ಒಂದೇ 10 ಮಿ.ಗ್ರಾಂ ಎಂಬುದನ್ನು ಗಮನಿಸಬೇಕು. ತೂಕದಲ್ಲಿ ಅಪ್ಪನ ಮೂರನೇ ಒಂದು ಭಾಗವಿರುವ ಮಗನಿಗೆ ಅಷ್ಟೇ ಔಷಧಿ ಬೇಕಾಗುವುದು ಅವನ ದೇಹ ಅದನ್ನು ಅಷ್ಟು ಬೇಗ ತೊಳೆದುಹಾಕುವುದರಿಂದ. ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳ ಪ್ರಮಾಣವನ್ನು ವೈದ್ಯರು ಮಗುವನ್ನು ನೋಡಿಯೇ ನಿರ್ಧರಿಸಬೇಕು.

ಹಳೆಯ ಔಷಧಿಗಳಲ್ಲೂ ಇದೇ ಏರಿಳಿತವಿದೆ, ಗಂಟೆಗಳು ಮಾತ್ರ ಬೇರೆ. ಹೈಡ್ರಾಕ್ಸಿಜಿನ್‌ನ ಅರ್ಧಾಯು ಒಂದು ವರ್ಷದ ಮಗುವಿನಲ್ಲಿ ಸುಮಾರು 4 ಗಂಟೆ, ಹದಿನಾಲ್ಕರ ವಯಸ್ಸಿನಲ್ಲಿ ಸುಮಾರು 11 ಗಂಟೆ, ವಯಸ್ಕರಲ್ಲಿ 20 ಗಂಟೆಗಳ ಹತ್ತಿರ. ಡೈಫೆನ್‌ಹೈಡ್ರಮಿನ್‌ನದು ಮಕ್ಕಳಲ್ಲಿ ಸುಮಾರು 5 ಗಂಟೆ, ವಯಸ್ಕರಲ್ಲಿ ಸುಮಾರು 9 ಗಂಟೆ. ಹೈಡ್ರಾಕ್ಸಿಜಿನ್ ಯಕೃತ್ತಿನಲ್ಲಿ ಬದಲಾಗಿ ಸೆಟಿರಿಜಿನ್ ಆಗುತ್ತದೆ ಎಂಬುದು ಬಹಳ ಪೋಷಕರಿಗೆ ತಿಳಿಯದ ಸಂಗತಿ. ಚರ್ಮದ ತಜ್ಞರು ರಾತ್ರಿಯ ತುರಿಕೆಗೆಂದು ಹೈಡ್ರಾಕ್ಸಿಜಿನ್ ಬರೆದಿದ್ದಾಗ, ಮಕ್ಕಳ ತಜ್ಞರು ಹಿಂದೆಂದೋ ಬರೆದಿದ್ದ ಸೆಟಿರಿಜಿನ್ನನ್ನು ಅದರ ಜೊತೆಗೆ ಮುಂದುವರಿಸಿದರೆ ಒಂದೇ ಔಷಧಿಯನ್ನು ಎರಡು ಬಾಗಿಲುಗಳಿಂದ ಒಳಗೆ ಬಿಟ್ಟಂತಾಗುತ್ತದೆ. ಇಬ್ಬರು ವೈದ್ಯರಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತಪ್ಪದೆ ತೋರಿಸಬೇಕು.

ತೂಕವನ್ನು ಲೆಕ್ಕಕ್ಕೆ ತರುವುದು

ವಯಸ್ಸು ಅಂಗಗಳು ಎಷ್ಟು ಬಲಿತಿವೆ ಎಂದು ಹೇಳಿದರೆ ತೂಕ ದೇಹದ ಗಾತ್ರವನ್ನು ಹೇಳುತ್ತದೆ. ಔಷಧಿಯನ್ನು ಹೊರಹಾಕುವ ಶಕ್ತಿ ತೂಕದೊಡನೆ ಬೆಳೆಯುತ್ತದೆ, ಆದರೆ ಅದೇ ಅನುಪಾತದಲ್ಲಿ ಅಲ್ಲ. ತೂಕ ಎರಡು ಪಟ್ಟಾದಾಗ ಈ ಶಕ್ತಿ ಸ್ಥೂಲವಾಗಿ 1.7 ಪಟ್ಟು ಆಗುತ್ತದೆ. ಇದೇ ನಿಯಮವನ್ನು ಅನ್ವಯಿಸಿದರೆ 70 ಕಿಲೋ ತೂಕದ ವಯಸ್ಕರಿಗೆ ಹೋಲಿಸಿದಾಗ, ಅಂಗಗಳು ಬಲಿತ 10 ಕಿಲೋ ತೂಕದ ಮಗುವಿನ ಶಕ್ತಿ ಏಳನೇ ಒಂದು ಭಾಗವಲ್ಲ, ನಾಲ್ಕನೇ ಒಂದು ಭಾಗಕ್ಕೆ ಹತ್ತಿರ. ವಯಸ್ಕರ ಮಾತ್ರೆಯನ್ನು ತೂಕದಿಂದ ಭಾಗಿಸಿ ಮಗುವಿಗೆ ಕೊಡುವ ಪದ್ಧತಿ ಸರಿಹೋಗದಿರುವುದು ಇದಕ್ಕೇ.

ಹೀಗಾಗಿ ಮಕ್ಕಳಿಗೆ ಬೇಕಾದ ಪ್ರಮಾಣವನ್ನು ಮಕ್ಕಳಲ್ಲೇ ಅಳೆದು ಕಂಡುಕೊಳ್ಳಬೇಕಾಗುತ್ತದೆ. ಒಂದರಿಂದ ಎರಡು ವರ್ಷದ, ಚರ್ಮದ ಅಲರ್ಜಿಯಿದ್ದ ಮಕ್ಕಳಲ್ಲಿ 18 ತಿಂಗಳ ಕಾಲ ನಡೆದ ಈಟ್ಯಾಕ್ ಎಂಬ ಹೆಸರಿನ ದೊಡ್ಡ ಅಧ್ಯಯನದಲ್ಲಿ ಸೆಟಿರಿಜಿನ್ನನ್ನು ವೈದ್ಯರ ನಿಗಾದಲ್ಲಿ ಪ್ರತಿ ಕಿಲೋಗೆ 0.25 ಮಿ.ಗ್ರಾಂನಂತೆ ದಿನಕ್ಕೆ ಎರಡು ಬಾರಿ ಕೊಡಲಾಗಿತ್ತು. ಈ ಸೂತ್ರವನ್ನು ಮೇಲಿನ ವಯಸ್ಸಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ 10 ಕಿಲೋ ಮಗುವಿಗೆ 2.5 ಮಿ.ಗ್ರಾಂ, 20 ಕಿಲೋ ಮಗುವಿಗೆ 5 ಮಿ.ಗ್ರಾಂ ಎಂಬ ಉತ್ತರ ಬರುತ್ತದೆ. ಅಂದರೆ ವಯಸ್ಸಿನ ಪಟ್ಟಿಯು ಆ ವಯಸ್ಸಿಗೆ ತಕ್ಕ ತೂಕವಿರುವ ಮಗುವಿಗೆ ಚೆನ್ನಾಗಿ ಹೊಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಕೋಷ್ಟಕದಲ್ಲಿ ಒಂದು ವರ್ಷದ ಗಂಡು ಮಗುವಿನ ಮಧ್ಯಮ ತೂಕ 9.6 ಕಿಲೋ, ಮೂರು ವರ್ಷದವನದು 14.3 ಕಿಲೋ, ಐದು ವರ್ಷದವನದು 18.3 ಕಿಲೋ.

ನಮ್ಮಲ್ಲಿ ಎಷ್ಟೋ ಮಕ್ಕಳ ತೂಕ ಈ ಕೋಷ್ಟಕಕ್ಕಿಂತ ಕೆಳಗಿರುತ್ತದೆ. ಆರು ವರ್ಷ ತುಂಬಿ 15 ಕಿಲೋ ಮಾತ್ರ ತೂಗುವ ಮಗುವಿಗೆ ವಯಸ್ಸಿನ ಪಟ್ಟಿಯಂತೆ 5 ಮಿ.ಗ್ರಾಂ ಎರಡು ಬಾರಿ ಕೊಟ್ಟರೆ ತೂಕದ ಲೆಕ್ಕಕ್ಕಿಂತ ಮೂರನೇ ಒಂದು ಭಾಗ ಹೆಚ್ಚಾಗುತ್ತದೆ. ಸೆಟಿರಿಜಿನ್‌ನಂಥ ಔಷಧಿಯಲ್ಲಿ ಇದು ಸಾಮಾನ್ಯವಾಗಿ ಮಂಪರಿನಲ್ಲಿ ಮುಗಿಯಬಹುದು. ಆದರೆ ಹಳೆಯ ಔಷಧಿಗಳಲ್ಲಿ ಅಷ್ಟು ಸಡಿಲವಿಲ್ಲ. ಇಂಥ ಮಗುವಿನ ಪೋಷಕರು ವೈದ್ಯರ ಮುಂದೆ ವಯಸ್ಸನ್ನು ಹೇಳಿ ಸುಮ್ಮನಾಗದೆ ತೂಕವನ್ನೂ ಹೇಳಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಒಂಬತ್ತು ವರ್ಷಕ್ಕೆ 45 ಕಿಲೋ ಇರುವ ಮಗುವಿಗೆ ಕಿಲೋ ಲೆಕ್ಕವನ್ನು ಕುರುಡಾಗಿ ಹಿಡಿದರೆ ದಿನಕ್ಕೆ 22 ಮಿ.ಗ್ರಾಂ ದಾಟುತ್ತದೆ. ಕೊಬ್ಬಿನಿಂದ ಹೆಚ್ಚಿದ ತೂಕಕ್ಕೆ ತಕ್ಕಂತೆ ಮೂತ್ರಪಿಂಡದ ಶಕ್ತಿ ಹೆಚ್ಚುವುದಿಲ್ಲವಾದ್ದರಿಂದ ಮಗುವಿನ ಪ್ರಮಾಣ ವಯಸ್ಕರ ಮಿತಿಯನ್ನು ಯಾವ ಕಾರಣಕ್ಕೂ ದಾಟಬಾರದು. ಕೆಲವು ಔಷಧಿಗಳಲ್ಲಿ ತೂಕದ ಗೆರೆಯನ್ನು ನೇರವಾಗಿಯೇ ಎಳೆದಿದ್ದಾರೆ: ಲೊರಾಟಡಿನ್ ಪ್ರಮಾಣವು ಎರಡರಿಂದ ಹನ್ನೆರಡು ವರ್ಷದವರಲ್ಲಿ 30 ಕಿಲೋವರೆಗೆ 5 ಮಿ.ಗ್ರಾಂ, 30 ಕಿಲೋ ದಾಟಿದರೆ 10 ಮಿ.ಗ್ರಾಂ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಹೈಡ್ರಾಕ್ಸಿಜಿನ್‌ಗೆ ಮಿತಿ ಹಾಕಿ, 40 ಕಿಲೋವರೆಗಿನ ಮಕ್ಕಳಿಗೆ ದಿನಕ್ಕೆ ಪ್ರತಿ ಕಿಲೋಗೆ 2 ಮಿ.ಗ್ರಾಂ ಮೀರಬಾರದೆಂದಿತು. ಹೃದಯದ ಬಡಿತದ ಲಯ ತಪ್ಪುವ ಭಯ ಅದರ ಹಿಂದಿತ್ತು.

ಕೊಡುವ ಕ್ರಮ

ಮೊದಲು ತೂಕ ನೋಡಿ. ಎರಡು ವರ್ಷದೊಳಗಿನ ಮಗುವಿನ ತೂಕ ತಿಂಗಳು ತಿಂಗಳಿಗೆ ಬದಲಾಗುತ್ತದೆ, ಆದ್ದರಿಂದ ಮೂರು ತಿಂಗಳ ಹಿಂದಿನ ಅಂಕಿ ಈಗ ಉಪಯೋಗಕ್ಕೆ ಬಾರದು. ತಾಯಿ ಕಾರ್ಡಿನಲ್ಲಿ ಬರೆದಿರುವ ಕೊನೆಯ ತೂಕದ ದಿನಾಂಕವನ್ನು ನೋಡಿ, ಹಳೆಯದಾಗಿದ್ದರೆ ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಮತ್ತೆ ತೂಗಿಸಿ. ಮನೆಯಲ್ಲಿ ತಕ್ಕಡಿಯಿದ್ದರೆ ಮಗುವನ್ನು ಎತ್ತಿಕೊಂಡು ಒಮ್ಮೆ, ಎತ್ತಿಕೊಳ್ಳದೆ ಒಮ್ಮೆ ನಿಂತು ವ್ಯತ್ಯಾಸ ತೆಗೆದರೂ ಸ್ಥೂಲ ಅಂದಾಜು ಸಿಗುತ್ತದೆ.

ಆಮೇಲೆ ಬಾಟಲಿಯ ಸಣ್ಣ ಅಕ್ಷರಗಳನ್ನು ಓದಿ. ದೊಡ್ಡದಾಗಿ ಅಚ್ಚಾದ ಹೆಸರು ಕಂಪನಿಯದು, ಅದರ ಕೆಳಗಿರುವುದು ಔಷಧಿಯದು. ದೊಡ್ಡ ಹೆಸರನ್ನು ನಂಬಿದರೆ ಏನಾಗಬಹುದು ಎಂಬುದಕ್ಕೆ ಬೆನಡ್ರಿಲ್ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ ಆ ಹೆಸರಿನ ಅಲರ್ಜಿ ಔಷಧಿಯಲ್ಲಿರುವುದು ಡೈಫೆನ್‌ಹೈಡ್ರಮಿನ್, ಬ್ರಿಟನ್ನಿನಲ್ಲಿ ಅದೇ ಹೆಸರಿನಲ್ಲಿ ಮಕ್ಕಳಿಗೆ ಸಿಗುವುದು ಸೆಟಿರಿಜಿನ್, ನಮ್ಮಲ್ಲಿ ಕೆಮ್ಮಿನ ಸಿರಪ್ಪಾಗಿ ಸಿಗುವುದರಲ್ಲಿ ಡೈಫೆನ್‌ಹೈಡ್ರಮಿನ್ ಜೊತೆಗೆ ಅಮೋನಿಯಂ ಕ್ಲೋರೈಡ್ ಕೂಡ ಇದೆ. ಹೊರದೇಶದಲ್ಲಿ ನೆಲೆಸಿರುವ ಬಂಧುಗಳು ರಜೆಗೆ ಬಂದಾಗ ಬಿಟ್ಟುಹೋದ ಬಾಟಲಿಯನ್ನು ಹೆಸರು ನೋಡಿ ಬಳಸುವುದು ಎಷ್ಟು ಅಪಾಯವೋ, ಇಲ್ಲಿಂದ ಅಲ್ಲಿಗೆ ಒಯ್ದ ಬಾಟಲಿಯನ್ನು ಅಲ್ಲಿಯ ಅಳತೆಯಲ್ಲಿ ಕೊಡುವುದೂ ಅಷ್ಟೇ ಅಪಾಯ.

ಮೂರನೆಯದು ಲೆಕ್ಕ. ವೈದ್ಯರು ಯೋಚಿಸುವುದು ಮಿ.ಗ್ರಾಂನಲ್ಲಿ, ನಾವು ಅಳೆಯುವುದು ಮಿ.ಲೀ.ನಲ್ಲಿ. ಇವೆರಡರ ನಡುವೆ ಆಗುವ ಗೊಂದಲ ಸಣ್ಣದಲ್ಲ. ಬೇಕಾದ ಮಿ.ಗ್ರಾಂ ಅನ್ನು ಲೇಬಲ್ ಮೇಲಿನ ಮಿ.ಗ್ರಾಂನಿಂದ ಭಾಗಿಸಿ ಲೇಬಲ್ ಮೇಲಿನ ಮಿ.ಲೀ.ನಿಂದ ಗುಣಿಸಿದರೆ ಕೊಡಬೇಕಾದ ಮಿ.ಲೀ. ಸಿಗುತ್ತದೆ. ಸೆಟಿರಿಜಿನ್ ಸಿರಪ್ಪಿನಲ್ಲಿ ಸಾಮಾನ್ಯವಾಗಿ 5 ಮಿ.ಲೀ.ಗೆ 5 ಮಿ.ಗ್ರಾಂ ಇರುವುದರಿಂದ 2.5 ಮಿ.ಗ್ರಾಂಗೆ 2.5 ಮಿ.ಲೀ. ಸರಿಯಾಗುತ್ತದೆ. ಆದರೆ 1 ಮಿ.ಲೀ.ಗೆ 10 ಮಿ.ಗ್ರಾಂ ಇರುವ ಡ್ರಾಪ್ಸ್ ಕೂಡ ತಯಾರಾಗುತ್ತದೆ. ಅದರಲ್ಲಿ ಅದೇ 2.5 ಮಿ.ಗ್ರಾಂ ಎಂದರೆ ಕೇವಲ 0.25 ಮಿ.ಲೀ. ಸಿರಪ್ಪಿನ ಅಭ್ಯಾಸದಲ್ಲಿ 2.5 ಮಿ.ಲೀ. ಡ್ರಾಪ್ಸ್ ಕುಡಿಸಿದರೆ ಪುಟ್ಟ ಮಗುವಿಗೆ 25 ಮಿ.ಗ್ರಾಂ, ಅಂದರೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ಲಿವೊಸೆಟಿರಿಜಿನ್ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅದು ಸೆಟಿರಿಜಿನ್‌ನ ಕೆಲಸ ಮಾಡುವ ಅರ್ಧಭಾಗ ಮಾತ್ರ ಆದ್ದರಿಂದ ಅದರ ಮಿ.ಗ್ರಾಂ ಪ್ರಮಾಣವೂ ಅರ್ಧ. ಒಂದರ ಮಿ.ಗ್ರಾಂ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಔಷಧಿ ಇಮ್ಮಡಿಯಾಗುತ್ತದೆ ಅಥವಾ ಅರ್ಧವಾಗುತ್ತದೆ.

ಅಳೆಯುವುದಕ್ಕೆ ಅಡುಗೆಮನೆಯ ಚಮಚವನ್ನು ದಯವಿಟ್ಟು ಬಳಸಬೇಡಿ. ಒಂದು ಮನೆಯ ಟೀ ಚಮಚ 3 ಮಿ.ಲೀ. ಹಿಡಿದರೆ ಇನ್ನೊಂದು ಮನೆಯದು 7 ಮಿ.ಲೀ. ಹಿಡಿಯಬಹುದು. ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ 5 ಮಿ.ಲೀ.ಗೆ ಪರವಾಗಿಲ್ಲ, ಆದರೆ 2.5 ಮಿ.ಲೀ.ಗಿಂತ ಕಡಿಮೆ ಅಳತೆಗೆ ಸೂಜಿಯಿಲ್ಲದ 5 ಮಿ.ಲೀ. ಅಥವಾ 2 ಮಿ.ಲೀ. ಸಿರಿಂಜ್ ಬೇಕೇ ಬೇಕು. ಔಷಧಿ ಅಂಗಡಿಯಲ್ಲಿ ಅದು ಕೆಲವೇ ರೂಪಾಯಿಗೆ ಸಿಗುತ್ತದೆ. ಮಗುವನ್ನು ಅಂಗಾತ ಮಲಗಿಸದೆ ಸ್ವಲ್ಪ ಎತ್ತಿ ಕೂರಿಸಿಕೊಂಡು, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ತಿರುಗಿಸಿ, ಗುಟುಕು ಗುಟುಕಾಗಿ ಬಿಡಬೇಕು. ಹಾಲಿನ ಬಾಟಲಿಗೆ ಬೆರೆಸಿದರೆ ಮಗು ಹಾಲನ್ನು ಅರ್ಧಕ್ಕೆ ಬಿಟ್ಟಾಗ ಎಷ್ಟು ಔಷಧಿ ಹೋಯಿತೆಂಬುದೇ ತಿಳಿಯುವುದಿಲ್ಲ. ಸೆಟಿರಿಜಿನ್ ಊಟದ ಮೊದಲು ಕೊಟ್ಟರೂ ನಂತರ ಕೊಟ್ಟರೂ ದೇಹ ಸೇರುವ ಒಟ್ಟು ಪ್ರಮಾಣ ಬದಲಾಗುವುದಿಲ್ಲ, ತುಂಬಿದ ಹೊಟ್ಟೆಯಲ್ಲಿ ಸ್ವಲ್ಪ ತಡವಾಗುತ್ತದೆ ಅಷ್ಟೆ. ಫೆಕ್ಸೊಫೆನಡಿನ್ ಮಾತ್ರ ಹಾಗಲ್ಲ: ಸೇಬು, ಕಿತ್ತಳೆ ಮುಂತಾದ ಹಣ್ಣಿನ ರಸದೊಡನೆ ಕೊಟ್ಟರೆ ಅದು ಕರುಳಿನಿಂದ ರಕ್ತಕ್ಕೆ ಸೇರುವುದೇ ಬಹಳ ಕಡಿಮೆಯಾಗುತ್ತದೆ, ಆದ್ದರಿಂದ ಅದಕ್ಕೆ ನೀರೇ ಸರಿ.

ಕೊಟ್ಟ ಹೊತ್ತು ಮತ್ತು ಅಳತೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅಮ್ಮ ಕೊಟ್ಟದ್ದು ಅಜ್ಜಿಗೆ ಗೊತ್ತಿಲ್ಲದೆ ಎರಡನೆಯ ಬಾರಿ ಕೊಡುವುದು ತುಂಬಿದ ಮನೆಗಳಲ್ಲಿ ಬಹಳ ಸಾಮಾನ್ಯ. ಒಂದು ಹೊತ್ತು ಮರೆತುಹೋದರೆ ಮುಂದಿನ ಹೊತ್ತಿಗೆ ಎರಡನ್ನು ಸೇರಿಸಿ ಕೊಡಬಾರದು.

ಮಿದುಳಿಗೆ ನುಗ್ಗುವ ಹಳೆಯ ಔಷಧಿಗಳು

ಹಳೆಯ ತಲೆಮಾರಿನ ಔಷಧಿಗಳು ಕೊಬ್ಬಿನಲ್ಲಿ ಸುಲಭವಾಗಿ ಕರಗುವುದರಿಂದ ಮಿದುಳಿನೊಳಕ್ಕೆ ದಾಟಿ ಅಲ್ಲಿಯ ಎಚ್-1 ಗ್ರಾಹಕಗಳನ್ನು ಹಿಡಿಯುತ್ತವೆ. ನಮ್ಮನ್ನು ಎಚ್ಚರವಾಗಿಡುವ ಕೆಲಸ ಅಲ್ಲಿ ಹಿಸ್ಟಮಿನ್‌ನದೇ ಆದ್ದರಿಂದ ಮಗು ತೂಕಡಿಸುತ್ತದೆ. ಹೊಸ ಔಷಧಿಗಳು ಒಳಗೆ ಹೋಗಲು ಯತ್ನಿಸಿದರೂ ಮಿದುಳಿನ ತಡೆಯಲ್ಲಿರುವ ಪಂಪುಗಳು ಅವನ್ನು ಹೊರಗೆ ದೂಡುತ್ತವೆ. ಸೆಟಿರಿಜಿನ್ ಸ್ವಲ್ಪ ಒಳಹೋಗುತ್ತದೆ, ಫೆಕ್ಸೊಫೆನಡಿನ್ ಹೆಚ್ಚುಕಡಿಮೆ ಹೋಗುವುದೇ ಇಲ್ಲ. ಶಾಲೆಗೆ ಹೋಗುವ ಮಗು ತರಗತಿಯಲ್ಲಿ ಮಂಕಾಗಿ ಕೂರುತ್ತಿದೆ ಎಂದು ಶಿಕ್ಷಕರು ಹೇಳಿದರೆ ಬೆಳಿಗ್ಗೆ ಕೊಟ್ಟ ಸಿರಪ್ ಯಾವುದೆಂದು ನೋಡುವುದು ಒಳ್ಳೆಯದು. ಕೆಲವು ಮಕ್ಕಳಲ್ಲಿ ಇದೇ ಔಷಧಿ ನಿದ್ದೆಯ ಬದಲು ಚಡಪಡಿಕೆ, ಅಳು, ರಂಪಾಟಗಳನ್ನು ತರುತ್ತದೆ. ಔಷಧಿ ಸಾಲಲಿಲ್ಲವೆಂದು ಭಾವಿಸಿ ಮತ್ತೊಂದು ಚಮಚ ಕೊಡುವುದು ಆಗ ಆಗುವ ಅನಾಹುತ.

ರಾತ್ರಿಯ ಬಸ್ಸಿನಲ್ಲಿ ಮಗು ಸುಮ್ಮನೆ ಮಲಗಲಿ ಎಂದು ಈ ಹಳೆಯ ಸಿರಪ್ಪುಗಳನ್ನು ಕೊಡುವ ರೂಢಿ ನಮ್ಮಲ್ಲಿದೆ. ಅದನ್ನು ನಾನು ಕೈಮುಗಿದು ಬೇಡವೆನ್ನುತ್ತೇನೆ. ಪ್ರೋಮೆಥಜಿನ್‌ನಿಂದ ಚಿಕ್ಕ ಮಕ್ಕಳ ಉಸಿರಾಟ ಕುಂದಿ ಸಾವುಗಳಾದದ್ದರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2004ರಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಲೇಬಾರದೆಂಬ ಎಚ್ಚರಿಕೆಯನ್ನು ಲೇಬಲ್ಲಿಗೆ ಸೇರಿಸಿತು. ಅದೇ ಸಂಸ್ಥೆ 2008ರ ಜನವರಿಯಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಅಂಗಡಿಯಲ್ಲಿ ಸಿಗುವ ಕೆಮ್ಮು-ನೆಗಡಿ ಔಷಧಿಗಳನ್ನು ಕೊಡಬಾರದೆಂದು ಹೇಳಿತು. ಭಾರತದಲ್ಲಿ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಕರು, ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿರುವ ನೆಗಡಿಯ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಲೇಬಲ್ ಮೇಲೆ ಮುದ್ರಿಸುವಂತೆ ಸೂಚಿಸಿದರು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳು ತೀರಿಕೊಂಡ ನಂತರ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಔಷಧಿಗಳನ್ನು ಬರೆಯಲೂ ಬಾರದು, ಕೊಡಲೂ ಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಶಿಫಾರಸು ಮಾಡಲಾಗದು ಎಂದು ತಿಳಿಸಿತು. ಅಲ್ಲಿಯ ಸಾವುಗಳಿಗೆ ಕಾರಣವಾದದ್ದು ಸಿರಪ್ಪಿನಲ್ಲಿ ಬೆರೆತಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವೇ ಹೊರತು ಆಂಟಿಹಿಸ್ಟಮಿನ್ ಅಲ್ಲ. ಆದರೂ ಬೇಡದ ಸಿರಪ್ಪನ್ನು ಕುಡಿಸದಿದ್ದರೆ ಎರಡೂ ಬಗೆಯ ಅಪಾಯ ತಪ್ಪುತ್ತದೆ.

ಮಿಶ್ರ ಸಿರಪ್ಪುಗಳಲ್ಲಿ ಇನ್ನೊಂದು ತೊಡಕಿದೆ. ಜ್ವರಕ್ಕೆಂದು ಒಂದು, ನೆಗಡಿಗೆಂದು ಒಂದು, ಕೆಮ್ಮಿಗೆಂದು ಒಂದು ಬಾಟಲಿ ತಂದರೆ ಎರಡರಲ್ಲಿ ಕ್ಲೋರ್‌ಫೆನಿರಮಿನ್, ಎರಡರಲ್ಲಿ ಪ್ಯಾರಸಿಟಮಾಲ್ ಇರುವ ಸಾಧ್ಯತೆಯಿದೆ. ಮಾಂಟೆಲುಕಾಸ್ಟ್ ಎಂಬ ಬೇರೆ ಬಗೆಯ ಅಲರ್ಜಿ ಔಷಧಿಯ ಜೊತೆಗೆ ಲಿವೊಸೆಟಿರಿಜಿನ್ ಸೇರಿಸಿದ ಸಿರಪ್ಪೂ ಈಗ ಬಹಳ ಚಾಲ್ತಿಯಲ್ಲಿದೆ. ಮಾಂಟೆಲುಕಾಸ್ಟ್‌ನಿಂದ ಕೆಲವರಲ್ಲಿ ಕೆಟ್ಟ ಕನಸು, ನಡತೆಯ ಬದಲಾವಣೆಗಳು ಕಾಣಿಸಿಕೊಳ್ಳುವುದರಿಂದ ಅದನ್ನು ಬರೀ ಅಲರ್ಜಿ ಸಿರಪ್ಪೆಂದು ತಿಂಗಳುಗಟ್ಟಲೆ ಮುಂದುವರಿಸದೆ ವೈದ್ಯರನ್ನು ಮತ್ತೆ ಕಾಣಬೇಕು.

ಮೊದಲೇ ವೈದ್ಯರಿಗೆ ತಿಳಿಸಬೇಕಾದ ಸಂಗತಿಗಳು

ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಅಂಗಗಳ ಬೆಳವಣಿಗೆಯನ್ನು ಹುಟ್ಟಿದ ದಿನದಿಂದ ಎಣಿಸಿದರೆ ಸಾಲದು, ಎಷ್ಟು ವಾರ ಮೊದಲೇ ಹುಟ್ಟಿತೆಂಬುದನ್ನು ಹೇಳಬೇಕು. ಮೂತ್ರಪಿಂಡದ ತೊಂದರೆಯಿರುವ ಮಗುವಿನಲ್ಲಿ ಸೆಟಿರಿಜಿನ್ ಹೊರಹೋಗುವುದು ನಿಧಾನವಾಗುತ್ತದೆ, ಯಕೃತ್ತಿನ ತೊಂದರೆಯಿದ್ದರೆ ಕ್ಲೋರ್‌ಫೆನಿರಮಿನ್, ಲೊರಾಟಡಿನ್‌ನಂಥವು ನಿಧಾನವಾಗುತ್ತವೆ. ಫಿಟ್ಸ್ ಬಂದಿದ್ದ ಮಗು, ಹೃದಯದ ಲಯದ ತೊಂದರೆಯಿರುವ ಮನೆತನ, ಮೂರ್ಛೆಗೆ ಅಥವಾ ನಿದ್ದೆಗೆ ಈಗಾಗಲೇ ನಡೆಯುತ್ತಿರುವ ಔಷಧಿ, ಇವನ್ನೆಲ್ಲ ವೈದ್ಯರು ಕೇಳದಿದ್ದರೂ ಹೇಳಬೇಕು. ಎದೆಹಾಲು ಕುಡಿಸುವ ತಾಯಿ ತನ್ನ ಅಲರ್ಜಿಗೆ ಹಳೆಯ ಔಷಧಿ ತೆಗೆದುಕೊಂಡರೂ ಮಗು ಮಂಪರಾಗಬಹುದು. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಯಕೃತ್ತಿನ ಕಿಣ್ವಗಳು ಹುಟ್ಟಿನಿಂದಲೇ ಬೇರೆ ಬೇರೆ ವೇಗದಲ್ಲಿ ಇರಬಹುದಾದ್ದರಿಂದ, ಅಣ್ಣನಿಗೆ ಏನೂ ಆಗಲಿಲ್ಲ ಎಂಬುದು ತಂಗಿಯ ವಿಷಯದಲ್ಲಿ ಭರವಸೆಯಾಗಲಾರದು.

ತಕ್ಷಣ ಓಡಬೇಕಾದ ಸಂದರ್ಭಗಳು

ಗಂಧೆಯ ಜೊತೆಗೆ ತುಟಿ ಅಥವಾ ನಾಲಿಗೆ ಊದಿಕೊಂಡು, ಧ್ವನಿ ಒಡೆದು, ಉಸಿರಾಡಲು ಕಷ್ಟವಾಗಿ, ಮತ್ತೆ ಮತ್ತೆ ವಾಂತಿಯಾಗಿ ಅಥವಾ ಮಗು ಸೋತು ಕುಸಿದರೆ ಅದು ತೀವ್ರ ಅಲರ್ಜಿ. ಅದಕ್ಕೆ ಔಷಧಿ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಒಂದೇ. ಆಂಟಿಹಿಸ್ಟಮಿನ್ ಸಿರಪ್ ಕೆಲಸ ಶುರುಮಾಡಲು ಅರ್ಧದಿಂದ ಒಂದು ಗಂಟೆ ಬೇಕು, ಊದಿಕೊಂಡ ಗಂಟಲನ್ನಾಗಲಿ ಕುಸಿದ ರಕ್ತದೊತ್ತಡವನ್ನಾಗಲಿ ಅದು ಸರಿಪಡಿಸಲಾರದು. ಸಿರಪ್ ಕುಡಿಸಿ ಕಾದು ನೋಡುತ್ತಾ ಕೂರದೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೊರಡಬೇಕು.

ಮಗುವೇ ಬಾಟಲಿ ತೆರೆದು ಕುಡಿದಿದ್ದರೆ, ಅಥವಾ ಅಳತೆ ತಪ್ಪಿ ಹೆಚ್ಚು ಹೋಗಿದ್ದರೆ, ಮೇಲ್ನೋಟಕ್ಕೆ ಮಗು ಚೆನ್ನಾಗಿದ್ದರೂ ಕಾಯಬಾರದು. ಎಬ್ಬಿಸಿದರೂ ಏಳದ ನಿದ್ದೆ, ಕೆಂಪೇರಿದ ಒಣ ಮೈ, ದೊಡ್ಡದಾದ ಕಣ್ಣಿನ ಪಾಪೆ, ಓಡುವ ನಾಡಿ, ಮೂತ್ರ ಕಟ್ಟಿಕೊಳ್ಳುವುದು, ಇಲ್ಲದ್ದನ್ನು ಕಂಡಂತೆ ಬಡಬಡಿಸುವುದು, ಫಿಟ್ಸ್ ಇವು ಹಳೆಯ ಔಷಧಿಗಳು ಮಿತಿಮೀರಿದ ಲಕ್ಷಣಗಳು. ಉಪ್ಪುನೀರು ಕುಡಿಸಿಯೋ ಗಂಟಲಿಗೆ ಬೆರಳು ಹಾಕಿಯೋ ವಾಂತಿ ಮಾಡಿಸಲು ಹೋಗಬೇಡಿ. ತೂಕಡಿಸುತ್ತಿರುವ ಮಗುವಿನಲ್ಲಿ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವನ್ನು ಉಚಿತ ದೂರವಾಣಿ 1800 116 117ರಲ್ಲಿ ಸಂಪರ್ಕಿಸಬಹುದು, ಆದರೆ ಆ ಕರೆಗಾಗಿ ಆಸ್ಪತ್ರೆಯ ದಾರಿಯನ್ನು ತಡಮಾಡಬಾರದು. ಹೊರಡುವಾಗ ಬಾಟಲಿಯನ್ನು, ಅದರ ಮುಚ್ಚಳವನ್ನು, ಅಳೆದ ಸಿರಿಂಜನ್ನು ಕೈಯಲ್ಲಿ ಹಿಡಿದುಕೊಳ್ಳಿ. ಎಷ್ಟು ಹೊತ್ತಿಗೆ ಕುಡಿಯಿತು, ಬಾಟಲಿಯಲ್ಲಿ ಎಷ್ಟು ಕಡಿಮೆಯಾಗಿದೆ, ಮಗುವಿನ ಈಗಿನ ತೂಕವೆಷ್ಟು ಎಂಬ ಮೂರು ಅಂಕಿಗಳನ್ನು ತುರ್ತು ವಿಭಾಗದ ಬಾಗಿಲಲ್ಲೇ ಹೇಳಿಬಿಡಿ.